ಮಕ್ಕಳ ಮಿದುಳಿನಲ್ಲಿ ಕೋರಿಲೇಷನ್ ಕಡಿಮೆ ಬಂದರೆ ಸಂಪರ್ಕ ದುರ್ಬಲ ಅಂತಾನಾ?

ನಿಮ್ಮ ಪ್ರಶ್ನೆ ಇಷ್ಟು: ಸುಮ್ನೆ ಮಲಗಿದ್ದಾಗ ತೆಗೆದ ಎಫ್‌ಎಂಆರ್‌ಐನಲ್ಲಿ (ಮಿದುಳಿನ ಚಟುವಟಿಕೆ ತೋರಿಸುವ ಸ್ಕ್ಯಾನ್) ಮಿದುಳಿನ ಮುಂಭಾಗ ಮತ್ತು ಹಿಂಭಾಗದ ನಡುವಿನ ಕೋರಿಲೇಷನ್, ಅಂದರೆ ಎರಡರ ಸಿಗ್ನಲ್ ಎಷ್ಟರಮಟ್ಟಿಗೆ ಒಟ್ಟಿಗೆ ಏರಿಳಿಯುತ್ತದೆ ಅನ್ನುವುದು, ದೊಡ್ಡವರಿಗಿಂತ ಮಕ್ಕಳಲ್ಲಿ ಕಡಿಮೆ ಬಂದಿದೆ. ಮಕ್ಕಳಲ್ಲಿ ಈ ಸಂಪರ್ಕ ಇನ್ನೂ ಬಲಿತಿಲ್ಲ ಅಂತ ಬರೆಯಬಹುದಾ?

ಈಗಲೇ ಬರೆಯಬೇಡಿ. ಮೊದಲು ತಲೆ ಅಲುಗಾಟ ನೋಡಿ.

ಇಂಥ ಡೇಟಾ ಜೊತೆ ಕೆಲಸ ಮಾಡುವವಳಾಗಿ ನನಗೆ ಅತಿ ಹೆಚ್ಚು ಭಯ ಇರುವುದು ಇದರದ್ದೇ. ಒಂದು ಮಿಲಿಮೀಟರ್‌ಗಿಂತ ಕಡಿಮೆ ಅಲುಗಾಟವೂ ದೂರದ ಭಾಗಗಳ ನಡುವಿನ ಕೋರಿಲೇಷನ್ ಇಳಿಸುತ್ತದೆ, ಹತ್ತಿರದ್ದನ್ನು ಏರಿಸುತ್ತದೆ. ಸ್ಕ್ಯಾನರ್‌ನಲ್ಲಿ ಜಾಸ್ತಿ ಅಲುಗುವವರು ಮಕ್ಕಳೇ ಅಲ್ವಾ? ಹಾಗಾಗಿ ಅಲುಗಾಟ ಒಂದೇ ಸಾಕು, ನಿಮ್ಮ ಫಲಿತಾಂಶದಂಥದ್ದು ಬರೋಕೆ. 2012ರಲ್ಲಿ ಮೂರು ಬೇರೆ ಬೇರೆ ತಂಡಗಳು ಇದನ್ನು ತೋರಿಸಿದ ಮೇಲೆ, ಮಕ್ಕಳ ಬಗ್ಗೆ ಅದುವರೆಗೆ ಬಂದಿದ್ದ ಎಷ್ಟೋ ತೀರ್ಮಾನಗಳನ್ನು ಮತ್ತೆ ಪರೀಕ್ಷಿಸಬೇಕಾಯಿತು.

ಸಾಫ್ಟ್‌ವೇರ್ ಚಿತ್ರಗಳನ್ನು ಒಂದರ ಮೇಲೊಂದು ಸರಿಯಾಗಿ ಕೂರಿಸಿದರೆ ಸಾಲದು. ಅಲುಗಿದ ಕ್ಷಣದಲ್ಲಿ ಸಿಗ್ನಲ್ಲೇ ಕೆಟ್ಟಿರುತ್ತದೆ. ಒಂದು ಫ್ರೇಮಿನಿಂದ (ಸ್ಕ್ಯಾನರ್ ಒಂದಾದ ಮೇಲೊಂದು ತೆಗೆಯುವ ಚಿತ್ರ) ಮುಂದಿನದಕ್ಕೆ ತಲೆ ಎಷ್ಟು ಸರಿಯಿತು ಅಂತ ಲೆಕ್ಕ ಹಾಕಿ, ಮಿತಿ ಮೀರಿದ ಫ್ರೇಮುಗಳನ್ನು ಬಿಟ್ಟುಬಿಡಿ. ಮಿತಿಯನ್ನು ಸಾಮಾನ್ಯವಾಗಿ 0.2ರಿಂದ 0.5 ಮಿಲಿಮೀಟರ್ ನಡುವೆ ಇಡುತ್ತಾರೆ. ಆಮೇಲೆ ಎರಡೂ ಗುಂಪಿನಲ್ಲಿ ಉಳಿದ ಫ್ರೇಮುಗಳ ಸಂಖ್ಯೆ ಹೆಚ್ಚುಕಡಿಮೆ ಸಮ ಇರಲಿ.

ಇಷ್ಟಾದರೂ ವ್ಯತ್ಯಾಸ ಉಳಿದರೆ, ಅದು ನಿಜಕ್ಕೂ ಕುತೂಹಲದ ವಿಷಯ. ಕೋರಿಲೇಷನ್ ಅಂದರೆ ಕಡೆಗಣಿಸುವಂಥದ್ದಲ್ಲ. 1995ರಲ್ಲಿ ಭರತ್ ಬಿಸ್ವಾಲ್ ಮತ್ತು ಸಂಗಡಿಗರು, ಕೈ ಆಡಿಸದೆ ಮಲಗಿದವರಲ್ಲೂ ಎಡ ಬಲ ಮೋಟಾರ್ (ಚಲನೆ ನಿಯಂತ್ರಿಸುವ) ಭಾಗಗಳ ಸಿಗ್ನಲ್ ಒಟ್ಟಿಗೆ ಏರಿಳಿಯುವುದನ್ನು ತೋರಿಸಿದ್ದು ಇದರಿಂದಲೇ.

ಆದರೆ ಯಾವುದು ಯಾವುದನ್ನು ನಡೆಸುತ್ತದೆ ಅಂತ ಇದು ಹೇಳುವುದಿಲ್ಲ. ಮೂರನೇ ಭಾಗವೊಂದು ಎರಡಕ್ಕೂ ಸಿಗ್ನಲ್ ಕಳಿಸುತ್ತಿರಬಹುದು. ಅದಕ್ಕೆ ಪಾರ್ಷಿಯಲ್ ಕೋರಿಲೇಷನ್ (ಉಳಿದ ಭಾಗಗಳ ಪ್ರಭಾವ ತೆಗೆದು ಎರಡರ ನಂಟು ಅಳೆಯುವುದು) ಸ್ವಲ್ಪ ನೆರವಾಗುತ್ತದೆ. ಮುಂಭಾಗದ ಸಿಗ್ನಲ್ ಮೊದಲು ಏರಿತು, ಹಾಗಾಗಿ ಅದೇ ನಡೆಸುತ್ತದೆ ಅನ್ನುವುದನ್ನೂ ನಂಬಬೇಡಿ. ನಾವು ಅಳೆಯುವುದು ರಕ್ತದ ಆಕ್ಸಿಜನ್ ಬದಲಾವಣೆಯನ್ನು. ಅದು ತುದಿ ಮುಟ್ಟಲು ಸುಮಾರು 5 ಸೆಕೆಂಡ್ ಬೇಕು, ಮತ್ತು ಈ ಸಮಯ ಮಿದುಳಿನ ಎಲ್ಲ ಕಡೆ ಒಂದೇ ಅಲ್ಲ. ದಿಕ್ಕೇ ಬೇಕಿದ್ದರೆ ಕಾರ್ಲ್ ಫ್ರಿಸ್ಟನ್ ತಂಡ 2003ರಲ್ಲಿ ಕೊಟ್ಟ ಡೈನಾಮಿಕ್ ಕಾಸಲ್ ಮಾಡೆಲಿಂಗ್ (ಯಾವ ಭಾಗ ಯಾವುದರ ಮೇಲೆ ಪ್ರಭಾವ ಬೀರುತ್ತದೆ ಅಂತ ಮಾಡೆಲ್ ಕಟ್ಟಿ ಹೋಲಿಸುವ ವಿಧಾನ) ನೋಡಿ. ಅದು ಈ ರಕ್ತದ ವಿಳಂಬವನ್ನೂ ಮಾಡೆಲ್ ಒಳಗೆ ಸೇರಿಸುತ್ತದೆ. ಅಲ್ಲೂ ನೀವು ಮುಂದಿಟ್ಟ ಮಾಡೆಲ್‌ಗಳಲ್ಲಿ ಯಾವುದು ಮೇಲು ಅಂತ ಮಾತ್ರ ಗೊತ್ತಾಗುತ್ತದೆ.

ಸದ್ಯಕ್ಕೆ ಪ್ರತಿ ಮಗುವಿನ ಸರಾಸರಿ ಅಲುಗಾಟ ಒಂದು ಕಡೆ, ಕೋರಿಲೇಷನ್ ಇನ್ನೊಂದು ಕಡೆ ಇಟ್ಟು ಗ್ರಾಫ್ ಹಾಕಿ. ಏನು ಬಂತು ಅಂತ ಇಲ್ಲೇ ಹಾಕಿದರೆ ನಾನೂ ನೋಡುತ್ತೇನೆ.