ಡಕೋಟಾದಲ್ಲಿ ಮುತ್ತಜ್ಜನ ಜಮೀನಿನ ಪಟ್ಟಾ ಸಿಗ್ತಿಲ್ಲ: ಪ್ರತಿಕ್ರಿಯೆ

ಅಮೆರಿಕದ ಡಕೋಟಾದಲ್ಲಿದ್ದ ಜಮೀನಿನ ಪಟ್ಟಾ (ಸರ್ಕಾರ ಕೊಟ್ಟ ಹಕ್ಕುಪತ್ರ) ಹುಡುಕಿದ್ರೂ ಸಿಗ್ತಿಲ್ಲ ಅಂತ ಕೇಳಿದ್ರಲ್ಲ, ಹೆಚ್ಚಾಗಿ ಇದು ಹೆಸರಿನ ತೊಂದರೆ. ನಿಮ್ಮ ಯಜಮಾನ್ರ ಮುತ್ತಜ್ಜ 1880ರ ದಶಕದಲ್ಲಿ ನಾರ್ವೆಯಿಂದ ಬಂದವರು ಅಂದ್ರಲ್ಲ, ಆಗಿನ ನಾರ್ವೆಯವ್ರಿಗೆ ಅಪ್ಪನ ಹೆಸರಿಂದ ಬಂದ ಹೆಸರೊಂದು, ಊರಿನ ಹೊಲಮನೆ ಹೆಸರೊಂದು, ಅಮೆರಿಕದ ಗುಮಾಸ್ತ ಕಿವಿಗೆ ಬಿದ್ದ ಹಾಗೆ ಬರ್ಕೊಂಡಿದ್ದು ಇನ್ನೊಂದು. ನನ್ನ ಸೊಸೆ ಕಡೆಯವ್ರದ್ದೂ ಮನೆಹೆಸರು ಬಿಟ್ಟು ಹುಡುಕಿದ್ಮೇಲೇ ಸಿಕ್ಕಿದ್ದು.

ಮೊದ್ಲು ಅಮೆರಿಕದ ಸರ್ಕಾರಿ ಜಮೀನು ನೋಡ್ಕೊಳ್ಳೋ ಇಲಾಖೆಯಾದ ಬಿಎಲ್‌ಎಂನ ಜನರಲ್ ಲ್ಯಾಂಡ್ ಆಫೀಸ್ ರೆಕಾರ್ಡ್ಸ್ ಸೈಟಲ್ಲಿ ರಾಜ್ಯ, ಕೌಂಟಿ (ನಮ್ಮ ಜಿಲ್ಲೆ ಥರ), ಬರೀ ಮೊದಲ ಹೆಸರು ಹಾಕಿ ನೋಡಿ, ಫ್ರೀ ಇದೆ. ಸಿಕ್ರೆ ಟೌನ್‌ಶಿಪ್, ರೇಂಜ್, ಸೆಕ್ಷನ್ (ಈ ಮೂರೂ ಸರ್ವೆಯಲ್ಲಿ ಜಮೀನು ಎಲ್ಲಿದೆ ಅಂತ ತೋರ್ಸೋ ನಂಬರ್), ಲ್ಯಾಂಡ್ ಆಫೀಸ್, ಡಾಕ್ಯುಮೆಂಟ್ ನಂಬರ್ ಬರ್ಕೊಂಡು ವಾಷಿಂಗ್ಟನ್‌ನ ನ್ಯಾಷನಲ್ ಆರ್ಕೈವ್ಸ್‌ನಿಂದ ಲ್ಯಾಂಡ್ ಎಂಟ್ರಿ ಕೇಸ್ ಫೈಲ್ (ಜಮೀನಿನ ಅರ್ಜಿಯ ಪೂರ್ತಿ ಕಡತ) ತರಿಸ್ಕೊಳ್ಳಿ. ಇದನ್ನ ಮಾತ್ರ ಬಿಡ್ಬೇಡಿ, ಪಟ್ಟಾ ಬರೀ ಒಂದು ಹಾಳೆ, ಅವ್ರು ಬದುಕಿದ್ದು ಹೇಗೆ ಅನ್ನೋದು ಇರೋದು ಫೈಲಲ್ಲೇ. 1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ 160 ಎಕರೆ ಸರ್ಕಾರಿ ಜಮೀನು ಸಿಗಬೇಕಂದ್ರೆ 5 ವರ್ಷ ಅಲ್ಲೇ ಇದ್ದು ಉಳುಮೆ ಮಾಡಿರ್ಬೇಕಿತ್ತು, ಅದಕ್ಕೆ ಇಬ್ರು ಸಾಕ್ಷಿ ಬೇಕು, ಹಾಗಾಗಿ ಮನೆ ಎಷ್ಟು ಅಡಿ, ಬಾವಿ ಇತ್ತಾ, ಕೊಟ್ಟಿಗೆ ಇತ್ತಾ, ಎಷ್ಟು ಎಕರೆ ಉತ್ತಿದ್ರು, ಮಕ್ಕಳೆಷ್ಟು ಎಲ್ಲಾ ಅದ್ರಲ್ಲಿ ಬರ್ದಿರ್ತಾರೆ, ಹೊರದೇಶದವ್ರಾದ್ರೆ ಸಿಟಿಜನ್‌ಶಿಪ್ ಕಾಗದವೂ ಇರತ್ತೆ.

ಆಗ್ಲೂ ಸಿಗದಿದ್ರೆ 5 ವರ್ಷ ತುಂಬೋ ಮುಂಚೆ ಬಿಟ್ಟು ಹೋಗಿರ್ಬಹುದು, ಇಲ್ಲಾ ರೈಲ್ವೆ ಕಂಪನಿಯಿಂದಲೋ ಬೇರೆಯವ್ರಿಂದಲೋ ಕೊಂಡಿರ್ಬಹುದು, ನಿಮ್ಮ ಕೇಸಲ್ಲಿ ಯಾವುದು ಅಂತ ಇಲ್ಲಿಂದ ಹೇಳಕ್ಕಾಗಲ್ಲ. ವಂಶಾವಳಿ ಹುಡುಕೋ ಸೈಟ್ ಫ್ಯಾಮಿಲಿಸರ್ಚ್‌ನಲ್ಲಿ ಟ್ರ್ಯಾಕ್ಟ್ ಬುಕ್ (ಯಾವ ಜಾಗಕ್ಕೆ ಯಾರು ಅರ್ಜಿ ಹಾಕಿದ್ರು ಅಂತ ಬರ್ದಿಟ್ಟ ಪುಸ್ತಕ) ಸ್ಕ್ಯಾನ್ ಇವೆ, ಮನೆಯವ್ರು ಹೇಳೋ ಜಾಗದ ಟೌನ್‌ಶಿಪ್ ರೇಂಜ್ ನಂಬರ್ ಹಿಡಿದು ಪುಟ ತಿರುಗಿಸ್ತಾ ಹೋಗಿ, ಬಿಟ್ಟು ಹೋದವ್ರ ಎಂಟ್ರಿನೂ ಅಲ್ಲಿರತ್ತೆ. ಕೊಂಡಿದ್ದಾದ್ರೆ ಕ್ರಯಪತ್ರ ಕೌಂಟಿ ಕಚೇರಿಯಲ್ಲೇ ಕೇಳ್ಬೇಕು.