ಲೋಹದಲ್ಲಿ ನಿಖರ ತೂತಿಗೆ ಹ್ಯಾಂಡ್ ಡ್ರಿಲ್ ಸ್ಟ್ಯಾಂಡ್ ಸಾಕೇ, ಬೆಂಚ್ ಡ್ರಿಲ್ ಬೇಕೇ?

ಉಕ್ಕು, ಅಲ್ಯೂಮಿನಿಯಂ ಪಟ್ಟಿಗಳಲ್ಲಿ 3ರಿಂದ 10 ಮಿ.ಮೀ. ತೂತು, ಗುರುತಿನಿಂದ 0.2 ಮಿ.ಮೀ.ಗಿಂತ ಆಚೀಚೆ ಹೋಗಬಾರದು ಎಂದಾದರೆ ಹ್ಯಾಂಡ್ ಡ್ರಿಲ್ಲನ್ನು ಸಿಕ್ಕಿಸಿ ಇಳಿಸುವ ಸ್ಟ್ಯಾಂಡ್ ಬೇಡ, ಮೇಜಿನ ಮೇಲೆ ಕೂರುವ ಬೆಂಚ್ ಡ್ರಿಲ್ ಯಂತ್ರವೇ ಬೇಕು. ಹ್ಯಾಂಡ್ ಡ್ರಿಲ್‌ನ ಬೇರಿಂಗ್‌ನಲ್ಲೇ ಸಡಿಲ ಇರುತ್ತದೆ, ಅದನ್ನು ಹಿಡಿದ ಸ್ಟ್ಯಾಂಡಿನ ಕಾಲರ್ (ಬಳೆ) ಒತ್ತಿದಾಗ ಬಾಗುತ್ತದೆ. ಬಿಟ್ ಗುರುತಿನಿಂದ ಜಾರಿ, ಆಮೇಲೆ ಓರೆಯಾಗಿ ಇಳಿಯುತ್ತದೆ.

ಬೆಂಚ್ ಡ್ರಿಲ್ ಕೊಳ್ಳುವಾಗ ಮೋಟರ್‌ನ ವ್ಯಾಟ್ ನೋಡಿ ಮರುಳಾಗಬೇಡಿ. ಮೊದಲು ಕ್ವಿಲ್, ಅಂದರೆ ಬಿಟ್ ಹಿಡಿಯುವ ಚಕ್ಕನ್ನು ಹೊತ್ತು ಮೇಲೆ ಕೆಳಗೆ ಜಾರುವ ಕೊಳವೆ, ನೋಡಿ. ಹಿಡಿ ತಿರುಗಿಸಿ ಪೂರ್ತಿ ಕೆಳಗಿಳಿಸಿ, ಚಕ್ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ. ಕೈಗೆ ತಿಳಿಯುವಷ್ಟು ಆಡಿದರೆ ಆ ಮಷಿನ್ ಬಿಟ್ಟುಬಿಡಿ. ಚಕ್ ಬದಲಿಸಬಹುದು, ಸವೆದ ಕ್ವಿಲ್ ಸರಿಮಾಡುವುದು ಮನೆಯಲ್ಲಿ ಆಗುವ ಕೆಲಸವಲ್ಲ.

ಆಮೇಲೆ ರನ್‌ಔಟ್, ಅಂದರೆ ತಿರುಗುವಾಗ ಬಿಟ್ ನಡುವಿನಿಂದ ಆಚೀಚೆ ಓಲಾಡುವುದು. ಪ್ಲಗ್ ಕಿತ್ತು, ಚಕ್‌ಗೆ ಬಿಟ್ ಬದಲು ನೇರವಾದ ಡೋವೆಲ್ ಪಿನ್ (ನಯವಾದ ಉಕ್ಕಿನ ಕಡ್ಡಿ) ಹಾಕಿ, ಡಯಲ್ ಗೇಜ್ (ಸಣ್ಣ ಅಲುಗಾಟ ಅಳೆಯುವ ಮುಳ್ಳಿನ ಮಾಪಕ) ತಾಗಿಸಿ ಚಕ್ಕನ್ನು ಕೈಯಿಂದ ತಿರುಗಿಸಿ. ಮುಳ್ಳಿನ ಓಟ 0.05 ಮಿ.ಮೀ. ಒಳಗಿದ್ದರೆ ಚೆನ್ನ. 0.1 ದಾಟಿದರೆ ಚಕ್ ಕಳಚಿ, ಚಕ್ ಕೂರುವ ಟೇಪರ್‌ನ (ಇಳಿಜಾರು ಕೀಲಿನ) ಎರಡೂ ಮೈಗಳ ಎಣ್ಣೆ, ಚೂರು ಒರೆಸಿ ಮತ್ತೆ ಕೂರಿಸಿ ಅಳೆಯಿರಿ. ಎಷ್ಟೋ ಸಲ ತಪ್ಪಿರುವುದು ಇಲ್ಲೇ. ತಿರುಗುವ ದಂಡ, ಅಂದರೆ ಸ್ಪಿಂಡಲ್, ಎಂಟಿ2 (ಮೋರ್ಸ್ ಟೇಪರ್ 2 ಎಂಬ ಮಾನಕ ಅಳತೆ) ಆದರೆ ಮುಂದೆ ಒಳ್ಳೆಯ ಚಕ್ ಹಾಕುವುದು ಸುಲಭ.

ವೇಗದಲ್ಲಿ ಗರಿಷ್ಠಕ್ಕಿಂತ ಕನಿಷ್ಠವೇ ಮುಖ್ಯ. ಮೆದು ಉಕ್ಕಿಗೆ ಹೈಸ್ಪೀಡ್ ಸ್ಟೀಲ್ ಬಿಟ್ ಆದರೆ 8000ವನ್ನು ಬಿಟ್‌ನ ವ್ಯಾಸದಿಂದ ಭಾಗಿಸಿ: 5 ಮಿ.ಮೀ.ಗೆ 1600 ಆರ್‌ಪಿಎಂ (ನಿಮಿಷಕ್ಕೆ ಸುತ್ತು), 10ಕ್ಕೆ 800. ಸ್ಟೇನ್‌ಲೆಸ್‌ಗೆ ಇದರ ಅರ್ಧ. ಅಲ್ಲಿ ಬಿಟ್ ಕೊರೆಯದೆ ಬರೀ ಉಜ್ಜಿದರೆ ಲೋಹ ಗಟ್ಟಿಯಾಗಿ ಬಿಟ್ಟೇ ಸುಟ್ಟುಹೋಗುತ್ತದೆ. ಹಾಗಾಗಿ 400ರ ಆಸುಪಾಸಿಗೆ ಇಳಿಯುವ ಮಷಿನ್ ಹುಡುಕಿ.

ಗುಂಡು ಕಂಬದ ಮಷಿನ್‌ಗಳಲ್ಲಿ ಇನ್ನೊಂದು ತೊಡಕಿದೆ. ಗುರುತಿನಲ್ಲಿ ಮೊದಲ ಕುಳಿ ಕೊರೆಯುವ ಸೆಂಟರ್ ಡ್ರಿಲ್ ಚಿಕ್ಕದು, ಮಾಮೂಲಿ ಬಿಟ್ ಉದ್ದ. ಬಿಟ್ ಬದಲಿಸಲು ಟೇಬಲ್ ಇಳಿಸಿದಿರೋ, ಅದು ಕಂಬದ ಸುತ್ತ ತಿರುಗಿ ಜಾಗ ತಪ್ಪುತ್ತದೆ. ಗಿಡ್ಡ ಸ್ಟಬ್ ಬಿಟ್‌ಗಳನ್ನು ಕೊಂಡರೆ ಟೇಬಲ್ ಮುಟ್ಟದೆಯೇ ಎರಡೂ ಕೆಲಸ ಮುಗಿಯುತ್ತದೆ, ಬಾಗುವುದೂ ಕಡಿಮೆ. ತುದಿ 135 ಡಿಗ್ರಿಯ ಸ್ಪ್ಲಿಟ್ ಪಾಯಿಂಟ್ (ತುದಿಯ ನಡುವೂ ಕೊರೆಯುವಂತೆ ಸಾಣೆ ಹಿಡಿದದ್ದು) ಇರಲಿ; ಮಾಮೂಲಿ 118 ಡಿಗ್ರಿಯದು ಶುರುವಿನಲ್ಲಿ ಹೆಚ್ಚು ಅಲೆಯುತ್ತದೆ. ಬಿಟ್‌ನ ಎರಡು ಅಂಚು ಸಮ ಉದ್ದ ಇಲ್ಲದಿದ್ದರೆ ಮಷಿನ್ ಎಷ್ಟೇ ಒಳ್ಳೆಯದಿರಲಿ, ತೂತು ದೊಡ್ಡದಾಗುತ್ತದೆ. ಪಿನ್ ಬಿಗಿಯಾಗಿ ಕೂರಬೇಕಾದ 6 ಮಿ.ಮೀ. ತೂತಿಗೆ 5.8 ಕೊರೆದು, ವೇಗ ಅರ್ಧಕ್ಕಿಳಿಸಿ, ಎಣ್ಣೆ ಹಾಕಿ ರೀಮರ್ (ತೂತನ್ನು ನಿಖರ ಅಳತೆಗೆ ಹೆರೆಯುವ ಉಪಕರಣ) ಬಿಡಿ.

ಲೋಹದ ತುಂಡನ್ನು ಹಿಡಿಯುವ ವೈಸ್ ಟೇಬಲ್‌ಗೆ ಬೋಲ್ಟ್ ಆಗುವಂಥದ್ದೇ ಬೇಕು. ತೆಳು ತಗಡನ್ನು ಬಿಟ್ ಆಚೆ ತೂರುವ ಕ್ಷಣದಲ್ಲಿ ಕಚ್ಚಿ ತಿರುಗಿಸಿಬಿಡುತ್ತದೆ. ಅದಕ್ಕೆ ಅಡಿಯಲ್ಲಿ ಮರದ ತುಂಡಿಟ್ಟು ಕ್ಲಾಂಪ್ ಮಾಡಿ, ಸ್ಟೆಪ್ ಡ್ರಿಲ್ (ಮೆಟ್ಟಿಲು ಮೆಟ್ಟಿಲಾಗಿ ಅಗಲವಾಗುವ ಬಿಟ್) ಬಳಸಿ. ಕೈಗವಸು ಮಾತ್ರ ಬೇಡವೇ ಬೇಡ.

ಮುಂದೆ ತೂತಿನಿಂದ ತೂತಿಗೆ 0.05 ಮಿ.ಮೀ. ನಿಖರತೆ ಬೇಕಾದರೆ ಅದು ಮಿಲ್ಲಿಂಗ್ ಮಷಿನ್‌ನ ಕೆಲಸ. ಬೆಂಚ್ ಡ್ರಿಲ್ ಮೇಲೆ ಅಗ್ಗದ ಕ್ರಾಸ್ ವೈಸ್ (ಸ್ಕ್ರೂ ತಿರುಗಿಸಿ ಎರಡು ದಿಕ್ಕಿಗೆ ಸರಿಸುವ ವೈಸ್) ಕೂರಿಸಿದರೆ ಅದರ ಸ್ಕ್ರೂ ಸಡಿಲವೇ ನಿಮ್ಮ ಮಿತಿಗಿಂತ ಹೆಚ್ಚಿರುತ್ತದೆ.