ಕಂಡಕಿ ಯಾರ್ ಸುತ್ತಬೇಕ್ರಿ?

ಹುಡುಗಿಯ ಹೆಸರು, ಮನೆಯ ಗುರುತು ಬದಲಾಯಿಸಿದ್ದೇನೆ. ಊರು ಬಾಗಲಕೋಟೆ ಜಿಲ್ಲೆಯ ಒಂದು ನೇಕಾರರ ಊರು ಅಂತಷ್ಟೇ ಹೇಳುತ್ತೇನೆ. ಇಳಕಲ್, ಗುಳೇದಗುಡ್ಡ, ಬನಹಟ್ಟಿ, ಕಮತಗಿ, ಹೀಗೆ ಮಗ್ಗದ ಸದ್ದಿನ ಊರುಗಳು ಈ ಕಡೆ ಬೇಕಾದಷ್ಟಿವೆ. ಊಹೆ ಮಾಡುತ್ತ ಕೂರಬೇಡಿ. ಆಕೆಯನ್ನು ಗಂಗಾ ಅಂತ ಕರೆಯೋಣ. ಬರೆಯಲಾ ಅಂತ ಕೇಳಿದೆ, ಬರೀರಿ ಮೇಡಂ ಅಂದಳು. ಆಮೇಲೆಯೇ ಬರೆದದ್ದು.

2024ರ ನವೆಂಬರ್. ಆಸ್ಪತ್ರೆಯ ಸ್ನೇಹ ಕ್ಲಿನಿಕ್‌ನಲ್ಲಿ ನಾನು ಆಪ್ತಸಲಹೆಗಾರ್ತಿ. 10ರಿಂದ 19 ವರ್ಷದವರಿಗಾಗಿ ಇರುವ ಕ್ಲಿನಿಕ್ ಇದು. ಮುಟ್ಟಿನ ತೊಂದರೆ, ಮೊಡವೆ, ಪರೀಕ್ಷೆಯ ಹೆದರಿಕೆ ಅಂತ ಬರುವವರೇ ಜಾಸ್ತಿ. ಗಂಗಾ ಬಂದಾಗ ಜೊತೆಗೆ ಊರಿನ ಆಶಾ ಕಾರ್ಯಕರ್ತೆ ಇದ್ದಳು. ಹುಡುಗಿಯ ಒಂದು ಕೈಯಲ್ಲಿ ತಾಯಿ ಕಾರ್ಡ್, ಹೆಗಲಿಗೆ ಕಾಲೇಜಿನ ಬ್ಯಾಗು. ಎರಡನ್ನೂ ಒಟ್ಟಿಗೆ ಹೊತ್ತವರನ್ನು ನಾನು ಅಷ್ಟಾಗಿ ಕಂಡಿರಲಿಲ್ಲ.

ಇಂಥ ಹುಡುಗಿ ಬಂದಾಗ ಆಕೆ ಬಾಯಿ ತೆರೆಯುವ ಮೊದಲು ನಾನು ಒಂದು ಮಾತು ಹೇಳುತ್ತೇನೆ. "ನೀನು ಹೇಳಿದ್ದನ್ನ ನಾ ಯಾರಿಗೂ ಹೇಳಲ್ಲ. ಆದ್ರೆ ನಿನಗೆ 18 ತುಂಬಿಲ್ಲ ಅಂದ್ರೆ ಕಾನೂನು ಪ್ರಕಾರ ನಾ ತಿಳಿಸಲೇಬೇಕು." ಎಲ್ಲ ಹೇಳಿಸಿಕೊಂಡ ಮೇಲೆ ಇದನ್ನು ಹೇಳುವುದು ಮೋಸ. 2012ರ ಪೋಕ್ಸೋ ಕಾಯ್ದೆಯಲ್ಲಿ 18ರ ಕೆಳಗಿನವರ ಒಪ್ಪಿಗೆಗೆ ಬೆಲೆಯಿಲ್ಲ, ಗಂಡ ಅಂದರೂ ಬಿಡುವುದಿಲ್ಲ. ಗೊತ್ತಿದ್ದೂ ತಿಳಿಸದವರಿಗೆ ಶಿಕ್ಷೆ ಇದೆ. ನಮ್ಮ ರಾಜ್ಯದಲ್ಲಂತೂ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಅಂಥ ಪ್ರಕರಣದಲ್ಲಿ ಮಕ್ಕಳ ಕಲ್ಯಾಣ ಸಮಿತಿ, 1098ರ ಮಕ್ಕಳ ಸಹಾಯವಾಣಿ, ಪೊಲೀಸರು, ಎಲ್ಲರೂ ಬರುತ್ತಾರೆ. ಆದರೆ ಚಿಕಿತ್ಸೆ ನಿಲ್ಲಬಾರದು, ಓದೂ ನಿಲ್ಲಬಾರದು. ಎಷ್ಟೋ ಸಲ ಕೇಸು ಶುರುವಾದ ದಿನವೇ ಸಾಲಿ ಮುಗಿದಿರುತ್ತದೆ. ಅದರ ಬಗ್ಗೆ ಯಾರೂ ವಿಚಾರಿಸುವುದಿಲ್ಲ.

ಗಂಗಾಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ನೋಡಿದೆ. ಹುಟ್ಟಿದ್ದು 2006ರ ಜನವರಿ. ಮದುವೆ 2024ರ ಮೇ. ಅಂದರೆ 18 ದಾಟಿ ನಾಲ್ಕು ತಿಂಗಳು. ಅಪ್ಪ ತೀರಿಕೊಂಡ ವರ್ಷ ಓದು ಒಂದು ವರ್ಷ ತಪ್ಪಿತ್ತು. ಅದಕ್ಕೇ ಈಗ ದ್ವಿತೀಯ ಪಿಯುಸಿ, ಆರ್ಟ್ಸ್. ಐದು ತಿಂಗಳು ತುಂಬಿತ್ತು. ರಕ್ತ ಕಡಿಮೆ, ಹಿಮೋಗ್ಲೋಬಿನ್ 8.6.

"ಏನಾಗಬೇಕಿತ್ತವ್ವಾ?" ಅಂದೆ.

"ಟಿಸಿ ತಗೊಂಡ್ ಹೋಗಂತಾರ್ರಿ ಕಾಲೇಜಿನ್ಯಾಗ. ಮುಂದಿನ ವರ್ಷ ಬಾ ಅಂತಾರ. ಮುಂದಿನ ವರ್ಷ ಯಾರ್ ಕಳಸ್ತಾರ್ರಿ ನನ್ನ?"

ಅತ್ತಿದ್ದು ಅವಳಲ್ಲ, ಪಕ್ಕದಲ್ಲಿದ್ದ ಆಶಾ.

ಕಾಲೇಜಿಗೆ ಫೋನ್ ಹಚ್ಚಿದೆ. ಪ್ರಿನ್ಸಿಪಾಲರು ಒರಟು ಮನುಷ್ಯ ಅಲ್ಲ. "ನಾವೇನ್ ಹೊರಗ ಹಾಕಿಲ್ರಿ ಮೇಡಂ. ಉಳಿದ ಹುಡುಗ್ಯಾರ ಮ್ಯಾಲ ಪರಿಣಾಮ ಆಗ್ತೈತಿ ಅಂತ..." ಅಂದರು. ಯಾವ ಆದೇಶದ ಪ್ರಕಾರ ಅಂತ ಕೇಳಿದೆ. ಆದೇಶ ಇರಲಿಲ್ಲ. ಇರುವುದೂ ಇಲ್ಲ. ಬಸುರಿ ಅನ್ನುವ ಕಾರಣಕ್ಕೆ ಟಿಸಿ ಕೈಗಿಡಿ ಅಂತ ಯಾವ ನಿಯಮದಲ್ಲೂ ಬರೆದಿಲ್ಲ. ಬಸುರಿ ವಿದ್ಯಾರ್ಥಿನಿಯನ್ನು ಹೀಗೆ ಉಳಿಸಿಕೊಳ್ಳಿ ಅಂತ ಕೈಗೆ ಸಿಗುವ ಹಾಗೆ ಬರೆದದ್ದೂ ನಮ್ಮ ಕಾಲೇಜುಗಳ ಫೈಲಿನಲ್ಲಿ ಕಾಣುವುದಿಲ್ಲ. ಅಮೆರಿಕದಲ್ಲಿ 1972ರ ಟೈಟಲ್ ನೈನ್ ಅನ್ನುವ ಕಾನೂನು ಇದೆ. ಸರ್ಕಾರದ ದುಡ್ಡು ಪಡೆಯುವ ಶಾಲೆ ಬಸುರಿ ಹುಡುಗಿಯನ್ನು ಹೊರಗಿಡುವಂತಿಲ್ಲ. ಕೆಲವು ಹೈಸ್ಕೂಲುಗಳ ಒಳಗೇ ಕೂಸು ನೋಡಿಕೊಳ್ಳುವ ಕೋಣೆ ಇರುತ್ತದೆ. ನಮ್ಮಲ್ಲಿ ಇರುವ ತುಂಡು ಬಟ್ಟೆಗಳನ್ನೇ ಸೇರಿಸಿ ಕೌದಿ ಹೊಲಿಯಬೇಕು.

ಪ್ರಿನ್ಸಿಪಾಲರ ಜೊತೆ ವಾದಕ್ಕೆ ಇಳಿಯಲಿಲ್ಲ. ಹಾಜರಿ ಪುಸ್ತಕ ತರಿಸಿ ಅಂದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಹುಡುಗಿಯ ಹಾಜರಿ ನೂರಕ್ಕೆ 90ರ ಹತ್ತಿರ ಇತ್ತು. ವಾಂತಿಯ ದಿನಗಳಲ್ಲೂ ಬಂದಿದ್ದಾಳೆ! ಪಿಯುಸಿಗೆ ಬೇಕಾದದ್ದು 75. ಕ್ಲರ್ಕ್ ಜೊತೆ ಕೂತು ಲೆಕ್ಕ ಹಾಕಿದೆವು. ಫೆಬ್ರವರಿ ಮಧ್ಯದತನಕ ವಾರಕ್ಕೆ ನಾಲ್ಕು ದಿನ ಬಂದರೆ ಸಾಕು, 75ಕ್ಕಿಂತ ಕೂದಲೆಳೆಯಷ್ಟು ಮೇಲೇ ಇರುತ್ತಾಳೆ. ಕಾಗದದ ಮೇಲೆ ಅಂಕಿ ಕಂಡ ಮೇಲೆ ಪ್ರಿನ್ಸಿಪಾಲರ ಧ್ವನಿ ಬದಲಾಯಿತು. ಉಳಿದ ಹುಡುಗಿಯರ ಮಾತು ಮತ್ತೆ ಬರಲಿಲ್ಲ.

ನಾನು ತಪ್ಪಿದ್ದು ಅತ್ತೆಯ ವಿಷಯದಲ್ಲಿ.

ಅತ್ತೆಯನ್ನು ಕ್ಲಿನಿಕ್ಕಿಗೆ ಕರೆಸಿ, ಹೆಣ್ಣುಮಕ್ಕಳ ಓದು ಅಂತ ಅರ್ಧ ತಾಸು ಭಾಷಣ ಬಿಗಿದೆ. ಆಕೆ ಸೆರಗು ಸರಿಮಾಡಿಕೊಂಡು ಕೇಳಿದಳು. ಕೊನೆಗೆ "ಹೊಟ್ಟಿ ಹೊತ್ತು ಬಸ್ಸಿನ್ಯಾಗ ನಿಂತ್ ಹೋದ್ರ ಜನ ಏನಂತಾರ್ರಿ?" ಅಂತ ಒಂದೇ ಮಾತು ಹೇಳಿ ಎದ್ದು ಹೋದಳು. ಮುಂದಿನ ವಾರ ಗಂಗಾ ಕಾಲೇಜಿಗೆ ಹೋಗಲಿಲ್ಲ.

ಆಮೇಲೆ ನಾನೇ ಅವರ ಮನೆಗೆ ಹೋದೆ. ಒಳಗೆ ಕಾಲಿಟ್ಟರೆ ಎದುರಿಗೇ ಕುಣಿಮಗ್ಗ. ಅತ್ತೆ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯುತ್ತಿದ್ದಳು. ಗೋಡೆ ಪಕ್ಕ ಗಂಗಾ ರಾಟಿ ಮುಂದೆ ಕೂತು ಕಂಡಕಿ, ಅಂದರೆ ಲಾಳಿಯೊಳಗೆ ಇಡುವ ನೂಲಿನ ಸಣ್ಣ ಸುರುಳಿ, ಸುತ್ತುತ್ತಿದ್ದಳು. ಲಾಳಿಯೊಳಗಿನ ಕಂಡಕಿ ಖಾಲಿಯಾಯಿತು ಅಂದರೆ ಅತ್ತೆ ನೋಡದೆಯೇ ಕೈ ಚಾಚುವಳು, ಗಂಗಾ ನೋಡದೆಯೇ ಒಂದು ಕೊಡುವಳು. ನಾನಿದ್ದ ಮುಕ್ಕಾಲು ತಾಸಿನಲ್ಲಿ ಎಷ್ಟು ಸಲವೋ ಆ ಕೈ ಚಾಚಿತು. ಸುಮ್ನೆ ನೋಡುತ್ತ ಕೂತೆ. ಆಗ ಹೊಳೆಯಿತು.

"ಅವ್ವಾ, ಇಕಿ ಕಾಲೇಜಿಗೆ ಹೋದ್ರೆ ಮಗ್ಗ ನಿಲ್ತದಾ?"

ಅತ್ತೆ ಲಾಳಿ ಎಸೆಯುವುದನ್ನು ನಿಲ್ಲಿಸಿದಳು. "ಮತ್ತೇನ್ರಿ? ಓದ್ಲಿ, ನಾ ಬ್ಯಾಡ ಅನ್ನಾಂಗಿಲ್ಲ. ಕಂಡಕಿ ಯಾರ್ ಸುತ್ತಬೇಕ್ರಿ?"

ಜನ ಏನಂತಾರೆ ಅನ್ನುವುದು ಮೇಲಿನ ಮಾತು. ಕೆಳಗಿದ್ದದ್ದು ಇದು. ಸೊಸೆ ಕಾಲೇಜಿಗೆ ಹೋದ ದಿನ ಅತ್ತೆ ತಾನೇ ಎದ್ದು ಕಂಡಕಿ ಸುತ್ತಬೇಕು. ಸೀರೆ ಎರಡು ದಿನ ತಡ. ಸೀರೆ ತಡವಾದರೆ ಮಜೂರಿ ತಡ. ಇದನ್ನು ಯಾರ ಮುಂದೆಯೂ ಹೇಳುವ ಹಾಗಿಲ್ಲ, ಸೊಸೆಯ ದುಡಿಮೆ ಬೇಕು ಅಂದಂತೆ ಆಗುತ್ತದಲ್ವಾ? ಅದಕ್ಕೇ ಜನರ ಮೇಲೆ ಹಾಕಿದ್ದಳು.

ಗಂಡ ಗ್ರಾನೈಟ್ ಪಾಲಿಶ್ ಮಾಡುವ ಕಡೆ ಕೆಲಸಕ್ಕೆ ಹೋಗುವವನು. ಸಂಜೆ ಆರಕ್ಕೆ ಬಂದ. 23 ವರ್ಷದ ಹುಡುಗ, ಮೈಯೆಲ್ಲ ಕಲ್ಲಿನ ಪುಡಿ. ವಿಷಯ ಹೇಳಿದೆ. ಬಾಗಿಲ ಕಡೆ ನೋಡಿದ, ಅವ್ವನ ಕಡೆ ನೋಡಿದ. "ರಾತ್ರಿ ನಾ ಸುತ್ತತೀನ್ರಿ" ಅಂದ. ಬಾಗಿಲು ಹಾಕಿಕೊಂಡು ಅಂತ ಸೇರಿಸಿದ. ಆ ಓಣಿಯಲ್ಲಿ ರಾಟಿ ಹೆಂಗಸರ ಕೆಲಸ. ಮೊದಲ ದಿನ ನೂಲು ಮೂರು ಸಲ ಹರಿದನಂತೆ. ಅತ್ತೆ ಹೊಟ್ಟೆ ಹುಣ್ಣಾಗುವಂತೆ ನಕ್ಕಳಂತೆ. ಇದನ್ನು ಗಂಗಾ ಹೇಳುವಾಗ ಅವಳಿಗೂ ನಗು ತಡೆಯಲಾಗಲಿಲ್ಲ.

ಇನ್ನು ನಾನು ಕೊಟ್ಟ ಸಲಹೆ. ಇಂಥದ್ದೇ ಇನ್ನೊಂದು ಮನೆಗೆ ಉಪಯೋಗ ಆಗಬಹುದು ಅಂತ ಬಿಡಿಸಿ ಬರೆಯುತ್ತೇನೆ.

ಗಂಗಾಳಿಗೆ ಹೇಳಿದ ಮೊದಲ ಮಾತು ರಕ್ತದ್ದು. ಕಬ್ಬಿಣದ ಮಾತ್ರೆ ಡಾಕ್ಟರು ದಿನಕ್ಕೆ ಎರಡು ಬರೆದಿದ್ದರು. ಅವಳು ಅದನ್ನು ಚಹಾ ಜೊತೆ ನುಂಗುತ್ತಿದ್ದಳು. ಚಹಾಕ್ಕೂ ಮಾತ್ರೆಗೂ ಒಂದೆರಡು ತಾಸು ಅಂತರ ಇರಲಿ, ಲಿಂಬೆಹಣ್ಣು ಹಿಂಡಿದ ನೀರಿನ ಜೊತೆ ನುಂಗು ಅಂದೆ. ಕ್ಲಾಸಿನಲ್ಲಿ ಕಣ್ಣು ಕತ್ತಲೆ ಬರುತ್ತಿದ್ದದ್ದು ಓದಿನ ಭಾರಕ್ಕಲ್ಲ, ರಕ್ತ ಕಡಿಮೆಗೆ. ತಲೆಸುತ್ತು ಜಾಸ್ತಿಯಾದರೆ, ಮುಖ ಬಾತರೆ, ಕೂಸಿನ ಮಿಸುಕಾಟ ಕಡಿಮೆ ಅನ್ನಿಸಿದರೆ ಪಾಠ ಅಲ್ಲೇ ಬಿಟ್ಟು ಆಸ್ಪತ್ರೆಗೆ ಬಾ. ಹಾಜರಿ ಆಮೇಲೆ.

ಊಟದ್ದು ಬೇರೆ ಕಥೆ. 2017ರ ಮಾತೃಪೂರ್ಣ ಯೋಜನೆಯಲ್ಲಿ ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನ ಬಿಸಿ ಊಟ ಇದೆ. ಅಲ್ಲಿಗೇ ಹೋಗಿ ಉಣ್ಣಬೇಕು. ಆ ಹೊತ್ತಿಗೆ ಗಂಗಾ ಒಂಬತ್ತು ಕಿಲೋಮೀಟರ್ ಆಚೆ ಸಮಾಜಶಾಸ್ತ್ರದ ಕ್ಲಾಸಿನಲ್ಲಿರುತ್ತಾಳೆ. ಬಸುರಿ ಅಂದರೆ ಮನೆಯಲ್ಲೇ ಇರುವವಳು ಅಂತ ತಿಳಿದೇ ಯೋಜನೆ ಮಾಡಿದ್ದಾರೆ ಅನ್ನಿಸುತ್ತದೆ. ಕಾಲೇಜಿಲ್ಲದ ದಿನ ಅಂಗನವಾಡಿ ಊಟ, ಕಾಲೇಜಿನ ದಿನ ಬುತ್ತಿ ಅಂತ ಮಾಡಿದೆವು. ಬುತ್ತಿಯಲ್ಲಿ ರೊಟ್ಟಿ, ಕಾಳಿನ ಪಲ್ಯ, ಜೊತೆಗೆ ಶೇಂಗಾ ಉಂಡಿ. ಬಸ್ಸಿನದ್ದು ಚಿಂತೆ ಇರಲಿಲ್ಲ, 2023ರಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ ಉಚಿತ. ಸೀಟು ಸಿಗುವ ಖಾತ್ರಿ ಮಾತ್ರ ಇರಲಿಲ್ಲ. ತಾಯಿ ಕಾರ್ಡ್ ಕೈಯಲ್ಲಿ ಹಿಡಿದು ಬಾಯಿಬಿಟ್ಟು ಕೇಳು ಅಂದೆ. ನಾಚಿಕೆ ಅಂದಳು. ಎರಡು ವಾರದ ಮೇಲೆ ಕಂಡಕ್ಟರೇ ಎಬ್ಬಿಸಿ ಕೂರಿಸುತ್ತಿದ್ದರಂತೆ.

ಕಾಲೇಜಿಗೆ ಬರವಣಿಗೆಯಲ್ಲಿ ಕೊಟ್ಟದ್ದು ಸಣ್ಣಪುಟ್ಟದ್ದು. ಬೆನ್ನಿಗೆ ಆಸರೆ ಇರುವ ಬೆಂಚು. ಕೇಳದೆಯೇ ಶೌಚಾಲಯಕ್ಕೆ ಎದ್ದು ಹೋಗಲು ಬಿಡುವುದು. ತಪ್ಪಿದ ದಿನದ ನೋಟ್ಸ್ ವಾಟ್ಸಾಪ್‌ನಲ್ಲಿ. ಪರೀಕ್ಷೆಗೆ ಕೆಳಮಹಡಿಯ ಕೋಣೆ. ದುಡ್ಡು ಬೇಡುವಂಥದ್ದು ಒಂದೂ ಇಲ್ಲ. ಪಾಠ ಮಾಡುವವರೊಬ್ಬರು ಮಾತ್ರ ಕೊನೆಯವರೆಗೂ ಗಂಗಾಳ ಮುಖ ನೋಡಿ ಮಾತಾಡಲಿಲ್ಲವಂತೆ. ಅದನ್ನು ಅರ್ಜಿಯಲ್ಲಿ ಬರೆದು ಸರಿಮಾಡಲು ಬರುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ ಒತ್ತಿ ಹೇಳಿದ್ದು ಪರೀಕ್ಷೆಯ ಅರ್ಜಿಯ ಬಗ್ಗೆ. ಹೆರಿಗೆಯ ತಾರೀಕು ಮಾರ್ಚ್ ಮೊದಲ ವಾರ, ಪರೀಕ್ಷೆ-1 ಕೂಡ ಮಾರ್ಚ್. ಮನೆಯಲ್ಲಿ ಎಲ್ಲರೂ "ಹ್ಯಾಂಗೂ ಬರಿಯಾಕ ಆಗಾಂಗಿಲ್ಲ, ಫೀ ಯಾಕ್ ತುಂಬಬೇಕು" ಅನ್ನುತ್ತಿದ್ದರು. ತುಂಬಲೇಬೇಕು ಅಂದೆ. ಆ ವರ್ಷ ಮೂರು ಪರೀಕ್ಷೆ ಇದ್ದವು. ಮೊದಲನೆಯದು ತಪ್ಪಿದರೆ ಏಪ್ರಿಲ್ ಕೊನೆಗೆ ಎರಡನೆಯದು, ಜೂನ್‌ನಲ್ಲಿ ಮೂರನೆಯದು. ಮೊದಲ ಸಲದ ಹೆಸರೇ ಇಲ್ಲದಿದ್ದರೆ ಮುಂದಿನ ಬಾಗಿಲು ತಟ್ಟುವುದು ಕಷ್ಟ. ಈ ನಿಯಮಗಳು ವರ್ಷಕ್ಕೊಂದು ಸಲ ಬದಲಾಗುತ್ತವೆ, ಆಯಾ ವರ್ಷದ್ದನ್ನು ಕಾಲೇಜಿನಲ್ಲೇ ಕೇಳಿ.

ಅತ್ತೆಗೆ ಒಂದೇ ಕೆಲಸ ಒಪ್ಪಿಸಿದೆ. ಪರೀಕ್ಷೆಯ ದಿನ ಕೂಸು ನಿಮ್ಮದು.

ಮಾರ್ಚ್‌ನಲ್ಲಿ ಗಂಗಾ ಎರಡು ವಿಷಯ ಬರೆದಳು. ಮೂರನೆಯದರ ಹಿಂದಿನ ರಾತ್ರಿ ನೋವು ಬಂತು. ಹೆಣ್ಣು ಕೂಸು, 2.6 ಕಿಲೋ, ಸಹಜ ಹೆರಿಗೆ. ಬಾಣಂತನ ತವರಿನಲ್ಲಿ. ಅಂಟಿನುಂಡಿ, ಅಳವಿ ಪಾಯಸ, ಕಿವಿಗೆ ಹತ್ತಿ, ಎಲ್ಲ ಆಯಿತು. ಅವಳ ಅವ್ವ ಪುಸ್ತಕ ಮುಟ್ಟಲು ಬಿಡಲಿಲ್ಲ, ಬಾಣಂತಿ ಓದಿದರೆ ಕಣ್ಣಿಗೆ ನಂಜು ಅಂತ. ನಾನು ಜಗಳಕ್ಕೆ ಹೋಗಲಿಲ್ಲ. ಗೆಳತಿಯೊಬ್ಬಳಿಗೆ ಪಾಠ ಓದಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸು ಅಂದೆ. ಕಿವಿಗೆ ಹತ್ತಿಯ ಬದಲು ಇಯರ್‌ಫೋನ್ ಬಂತು.

ಏಪ್ರಿಲ್ ಕೊನೆಗೆ ಪರೀಕ್ಷೆ-2. ಕೂಸಿಗೆ ಏಳು ವಾರ. ಉತ್ತರ ಬರೆಯಲು ಮೂರು ತಾಸು, ಹೋಗಿ ಬರುವುದು ಸೇರಿ ಐದು. ಹಾಲು ಹಿಂಡಿಡುವುದನ್ನು ಹಿಂದಿನ ವಾರವೇ ಕಲಿಸಿದ್ದೆ. ಕೈ ತೊಳೆದು, ಕುದಿಸಿದ ಸ್ಟೀಲ್ ಬಟ್ಟಲಿಗೆ ಹಿಂಡಿ ಮುಚ್ಚಿಡಬೇಕು. ತಂಪು ಜಾಗದಲ್ಲಿ ನಾಲ್ಕು ತಾಸು ಕೆಡುವುದಿಲ್ಲ. ನಮ್ಮ ಏಪ್ರಿಲ್ ಬಿಸಿಲಿಗೆ ಅಷ್ಟನ್ನೂ ನಂಬಬೇಡಿ, ಬೇಗ ಕುಡಿಸಿ. ಬಾಟಲಿ ಬೇಡ, ಚಮಚ ಸಾಕು. ಆದರೆ ಅತ್ತೆಗೆ ಬಟ್ಟಲಿನ ಹಾಲು ಮನಸ್ಸಿಗೆ ಬರಲಿಲ್ಲ. ಕೂಸನ್ನೇ ಎತ್ತಿಕೊಂಡು ಪರೀಕ್ಷಾ ಕೇಂದ್ರದ ಹತ್ತಿರದ ಬೇವಿನ ಗಿಡದ ಕೆಳಗೆ ಕೂತಳು. ಒಂದು ದಿನ ನಾನೂ ಹೋಗಿದ್ದೆ. ಬರೆದು ಹೊರಗೆ ಬಂದ ಗಂಗಾಳ ಕುಪ್ಪಸ ಹಾಲಿಗೆ ತೊಯ್ದಿತ್ತು. ಕೈಯಲ್ಲಿದ್ದ ಪ್ರಶ್ನೆಪತ್ರಿಕೆಯನ್ನೇ ಎದೆಗೆ ಹಿಡಿದುಕೊಂಡು ಬಂದಳು. ಒಳಗಿಡಲು ಮಡಚಿದ ಹತ್ತಿ ಬಟ್ಟೆ ಒಯ್ಯಬೇಕು ಅಂತ ಹೇಳಲು ನಾನು ಮರೆತಿದ್ದೆ. ಈಗ ಎಲ್ಲರಿಗೂ ಹೇಳುತ್ತೇನೆ.

ಅರ್ಥಶಾಸ್ತ್ರ ಹೋಯಿತು. ಜೂನ್‌ನಲ್ಲಿ ಮತ್ತೆ ಬರೆದು ಪಾಸಾದಳು.

ಇನ್ನೊಂದು ಸಲಹೆ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಕೊಟ್ಟದ್ದು. ಇನ್ನೊಂದು ಕೂಸಿಗೆ ಕನಿಷ್ಠ ಎರಡು ವರ್ಷ ತಡೆಯಿರಿ. ಆರು ವಾರದ ನಂತರ ಮೂರು ತಿಂಗಳಿಗೊಂದು ಅಂತರಾ ಇಂಜೆಕ್ಷನ್, ಇಲ್ಲವೇ ಛಾಯಾ ಮಾತ್ರೆ, ಇಲ್ಲವೇ ಕಾಪರ್ ಟಿ. ಸರ್ಕಾರಿ ಆಸ್ಪತ್ರೆಯಲ್ಲಿ ಎಲ್ಲವೂ ಉಚಿತ, ಹಾಲುಣಿಸುವವರಿಗೂ ನಡೆಯುತ್ತದೆ. ಗಂಗಾ ಇಂಜೆಕ್ಷನ್ ಆರಿಸಿಕೊಂಡಳು. ಮಾತ್ರೆಯಾದರೆ ಮನೆಯಲ್ಲಿ ಕಣ್ಣಿಗೆ ಬೀಳುತ್ತದೆ ಅಂದಳು.

ಎರಡನೇ ಇಂಜೆಕ್ಷನ್‌ಗೆ ಜುಲೈಯಲ್ಲಿ ಬಂದಾಗ ಬಿಎ ಅರ್ಜಿ ತಂದಿದ್ದಳು. ಡಿಗ್ರಿಯಲ್ಲಿ ದಾರಿ ಸ್ವಲ್ಪ ಸಲೀಸು. ಯುಜಿಸಿ 2021ರ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯಗಳಿಗೆ ಪತ್ರ ಬರೆದು, ವಿದ್ಯಾರ್ಥಿನಿಯರಿಗೆ ಹೆರಿಗೆ ರಜೆ, ಹಾಜರಿ ರಿಯಾಯಿತಿಗೆ ನಿಯಮ ಮಾಡಿಕೊಳ್ಳಿ ಅಂದಿದೆ. ಅದರ ಒಂದು ಪ್ರತಿ ತೆಗೆಸಿ ಅವಳ ಫೈಲಿಗೆ ಸೇರಿಸಿದೆ. ಕೂಸಿನದ್ದು ಏನು ಮಾಡುತ್ತೀ ಅಂದೆ. ಅಂಗನವಾಡಿಗೆ ಮೂರು ವರ್ಷ ಆಗಬೇಕು. ಪಂಚಾಯಿತಿಗಳ ಕೂಸಿನ ಮನೆ ಶುರುವಾದದ್ದು ನರೇಗಾ ಕೂಲಿಯ ತಾಯಂದಿರಿಗೆ ಅಂತ. "ಅತ್ತಿ ಅದಾಳ್ರಿ. ಮಗ್ಗದ ಬಾಜೂಕ ತೊಟ್ಲ ಕಟ್ಯಾಳ" ಅಂದಳು. ತೊಟ್ಟಿಲಿನ ಹಗ್ಗ ಅತ್ತೆಯ ಕೈಗೆ ಎಟುಕುವ ಹಾಗೆ ಇದೆಯಂತೆ. ಅತ್ತೆಗೆ ಜ್ವರ ಬಂದರೆ ಏನು ಅಂತ ನಾನು ಕೇಳಿದೆ. ಅದಕ್ಕೆ ಉತ್ತರ ಇಬ್ಬರ ಹತ್ತಿರವೂ ಇರಲಿಲ್ಲ.

"ಹೆಸರಿನ ಜಾಗಾದಾಗ ಏನ್ ಬರೀಲ್ರಿ? ಅಪ್ಪಂದಾ, ಗಂಡಂದಾ?"

ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೇಗಿದೆಯೋ ಹಾಗೇ ಬರಿ, ಈಗ ಬದಲಾಯಿಸಿದರೆ ಸ್ಕಾಲರ್‌ಶಿಪ್ ಅರ್ಜಿಗೆ ತಾಳೆ ಆಗಲ್ಲ ಅಂದೆ. ಅರ್ಜಿ ನನ್ನ ಕಡೆ ತಿರುಗಿಸಿದಳು. ಎಲ್ಲವನ್ನೂ ಪೆನ್ಸಿಲ್‌ನಲ್ಲಿ ತುಂಬಿಕೊಂಡು ಬಂದಿದ್ದಳು. ನನ್ನ ಮೇಜಿನ ಮೇಲಿನ ಪೆನ್ನು ತಗೊಂಡು, ಅಲ್ಲೇ ಕೂತು, ಒಂದೊಂದೇ ಅಕ್ಷರದ ಮೇಲೆ ತಿದ್ದತೊಡಗಿದಳು.